ಮ್ಯಾಂಡಮಸ್: ಪದದ ಬೇರು, ಕಚೇರಿಯಲ್ಲಿ ಕೂತ ಅರ್ಜಿಗೆ ಅದರ ಬಳಕೆ

ತಾಲ್ಲೂಕು ಕಚೇರಿಗೆ ಕೊಟ್ಟ ಅರ್ಜಿ ವರ್ಷ ಕಳೆದರೂ ಕದಲದಿದ್ದರೆ ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: ‘ಹೈಕೋರ್ಟಲ್ಲಿ ಒಂದು ರಿಟ್ ಹಾಕಿ, ತಾನಾಗಿ ಆಗುತ್ತೆ.’ ಈ ಮಾತಿನಲ್ಲಿ ಅರ್ಧ ನಿಜವಿದೆ. ರಿಟ್ ಎಂದರೆ ನ್ಯಾಯಾಲಯದ ಲಿಖಿತ ಅಪ್ಪಣೆ; ಅವರು ಹೇಳುತ್ತಿರುವ ರಿಟ್‌ನ ಹೆಸರು ಮ್ಯಾಂಡಮಸ್. ಕನ್ನಡ ಪಠ್ಯಪುಸ್ತಕಗಳಲ್ಲಿ ಪರಮಾದೇಶ. ಸುಮ್ಮನೆ ಕೂತ ಅಧಿಕಾರಿಯನ್ನು ಎಬ್ಬಿಸಿ ಕೆಲಸ ಮಾಡಿಸುವ ಬಲ ಅದಕ್ಕಿದೆ. ಅರ್ಜಿದಾರರಿಗೆ ಬೇಕಾದ ಹಾಗೆಯೇ ತೀರ್ಮಾನ ಮಾಡಿಸುವ ಬಲ ಬಹುಪಾಲು ಇಲ್ಲ. ಇದು ಗೊತ್ತಿಲ್ಲದೆ ಬೆಂಗಳೂರಿಗೆ ಹೋದವರು ಹೈಕೋರ್ಟಿನ ಆದೇಶ ತಂದೂ ಮೊದಲಿದ್ದಲ್ಲೇ ಇರುತ್ತಾರೆ. ಯಾವ ಕೆಲಸಕ್ಕೆ ಈ ರಿಟ್ ಒದಗುತ್ತದೆ, ಯಾವುದಕ್ಕೆ ಒದಗುವುದಿಲ್ಲ ಎಂಬುದು ಆ ಪದ ಹುಟ್ಟಿ ಬೆಳೆದ ರೀತಿಯಲ್ಲೇ ಇರುವುದರಿಂದ ಅಲ್ಲಿಂದಲೇ ಶುರುಮಾಡುವುದು ಒಳ್ಳೆಯದು.

ಪದ ಬಂದ ದಾರಿ

ಮ್ಯಾಂಡಮಸ್ ಮೂಲದಲ್ಲಿ ನಾಮಪದವೇ ಅಲ್ಲ, ಲ್ಯಾಟಿನ್ ಕ್ರಿಯಾಪದ. ‘ಮಂದಾರೆ’ ಎಂದರೆ ಅಪ್ಪಣೆ ಕೊಡುವುದು, ಒಪ್ಪಿಸುವುದು. ಅದರ ಉತ್ತಮ ಪುರುಷ ಬಹುವಚನ ರೂಪ ‘ಮಂದಾಮುಸ್’, ಅಂದರೆ ‘ನಾವು ಆಜ್ಞಾಪಿಸುತ್ತೇವೆ’. ಕೈ ಎಂಬ ಅರ್ಥದ ‘ಮಾನುಸ್’ ಮತ್ತು ಕೊಡು ಎಂಬ ಅರ್ಥದ ‘ದಾರೆ’ ಸೇರಿ ಈ ಧಾತು ಆಯಿತೆಂಬುದು ಸಾಮಾನ್ಯವಾಗಿ ಕೊಡುವ ವಿವರಣೆ: ಕೈಗೆ ಕೊಡು, ಹೊಣೆ ಹೊರಿಸು. ನಮಗೆ ಪರಿಚಿತವಾದ ಕಮಾಂಡ್, ಮ್ಯಾಂಡೇಟ್, ಡಿಮ್ಯಾಂಡ್ ಇದೇ ಬೇರಿನವು. ರಿಟ್ ಎಂಬುದು ಮಾತ್ರ ಹಳೆಯ ಇಂಗ್ಲಿಷ್ ಪದ, ಅದರರ್ಥ ‘ಬರೆದದ್ದು’.

ಇಲ್ಲಿನ ‘ನಾವು’ ಎಂದರೆ ದೊರೆ. ಮಧ್ಯಯುಗದ ಇಂಗ್ಲೆಂಡಿನಲ್ಲಿ ದೊರೆಯ ಮುದ್ರೆಯೊಡನೆ ಅಧಿಕಾರಿಗಳಿಗೆ ಹೋಗುತ್ತಿದ್ದ ಬಗೆಬಗೆಯ ಪತ್ರಗಳಲ್ಲಿ ಈ ಕ್ರಿಯಾಪದ ಇರುತ್ತಿತ್ತು. ಹಾಲೇರಿ ಅರಸ ಲಿಂಗರಾಜನ ಹುಕುಂನಾಮೆಯ ಹೆಸರು ಕೇಳಿದ ಕೊಡಗಿನವರಿಗೆ ಅದರ ಧಾಟಿ ಹೊಸದೆನಿಸದು: ಮೇಲಿನಿಂದ ಕೆಳಗೆ, ಅಧಿಕಾರಿಯ ಹೆಸರಿಗೆ, ಇಂಥ ಕೆಲಸ ಹೀಗೆ ನಡೆಯತಕ್ಕದ್ದು ಎಂಬ ಅಪ್ಪಣೆ. ದೊರೆಯ ಅನುಕೂಲಕ್ಕಿದ್ದ ಈ ಪತ್ರ ಪ್ರಜೆಯ ಕೈಗೆ ಬಂದದ್ದು ನಿಧಾನವಾಗಿ.

ಆ ತಿರುವಿಗೆ ವಕೀಲರು ಹೇಳುವ ಉದಾಹರಣೆ 1615ರ ಬ್ಯಾಗ್ ಪ್ರಕರಣ. ಪ್ಲಿಮತ್ ಪಟ್ಟಣದ ನಗರಸಭೆಯ ಸದಸ್ಯ ಜೇಮ್ಸ್ ಬ್ಯಾಗ್ ಮೇಯರನ್ನು ಬಾಯಿಗೆ ಬಂದಂತೆ ಬೈದ. ಹಿಂಭಾಗ ತಿರುಗಿಸಿ ತೋರಿಸಿದ ಎಂಬ ಆರೋಪವೂ ದಾಖಲೆಯಲ್ಲಿದೆ. ನಗರಸಭೆ ಅವನನ್ನು ಸ್ಥಾನದಿಂದ ಕಿತ್ತುಹಾಕಿತು. ಮುಖ್ಯ ನ್ಯಾಯಮೂರ್ತಿ ಎಡ್ವರ್ಡ್ ಕೋಕ್ ಇದ್ದ ಕಿಂಗ್ಸ್ ಬೆಂಚ್ ನ್ಯಾಯಾಲಯ, ಮಾತು ಕೆಟ್ಟದ್ದಾದರೂ ಸ್ಥಾನ ಕಸಿಯಲು ಅದು ಸಾಲದು ಎಂದು ಅವನನ್ನು ಮರಳಿ ಸ್ಥಾನಕ್ಕೆ ಸೇರಿಸಿಕೊಳ್ಳುವಂತೆ ನಗರಸಭೆಗೇ ಅಪ್ಪಣೆ ಮಾಡಿತು. 1762ರಲ್ಲಿ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಇದಕ್ಕೊಂದು ತತ್ವ ಕೊಟ್ಟರು: ಹಕ್ಕು ಇದ್ದು, ಅದನ್ನು ಪಡೆಯಲು ಕಾನೂನಿನಲ್ಲಿ ಬೇರೆ ನಿರ್ದಿಷ್ಟ ದಾರಿ ಇಲ್ಲದ ಕಡೆ ಈ ರಿಟ್ ಬಳಕೆಯಾಗಬೇಕು. ಇವತ್ತಿಗೂ ಹೈಕೋರ್ಟಿನಲ್ಲಿ ಸರ್ಕಾರಿ ವಕೀಲರು ಎತ್ತುವ ಮೊದಲ ತಕರಾರು ಇದೇ, ‘ಬೇರೆ ಪರಿಹಾರ ಇದೆಯಲ್ಲ?’

ಅಮೆರಿಕದ 1803ರ ಮಾರ್ಬರಿ ಪ್ರಕರಣವೂ ಮ್ಯಾಂಡಮಸ್ ಕೇಳಿದ ಪ್ರಕರಣವೇ. ವಿಲಿಯಂ ಮಾರ್ಬರಿಯ ನೇಮಕಾತಿ ಪತ್ರಕ್ಕೆ ಸಹಿಯೂ ಆಗಿತ್ತು, ಮುದ್ರೆಯೂ ಬಿದ್ದಿತ್ತು, ಕೈಗೆ ಮಾತ್ರ ತಲುಪಿರಲಿಲ್ಲ. ಹಕ್ಕು ಇದೆ, ಕೇಳಿದ ರಿಟ್ಟೂ ಸರಿಯಾದದ್ದೇ ಎಂದ ಸುಪ್ರೀಂ ಕೋರ್ಟ್, ಅದನ್ನು ನೇರವಾಗಿ ತನ್ನಲ್ಲಿಗೆ ತರಲು ಅವಕಾಶ ಕೊಟ್ಟ ಕಾಯ್ದೆಯ ಭಾಗವೇ ಸಂವಿಧಾನಕ್ಕೆ ವಿರುದ್ಧ ಎಂದುಬಿಟ್ಟಿತು. ಶಾಸಕಾಂಗದ ಕಾಯ್ದೆಯನ್ನು ನ್ಯಾಯಾಲಯ ರದ್ದುಮಾಡಬಹುದೆಂಬ ದೊಡ್ಡ ತತ್ವ ಅಲ್ಲಿಂದ ಬಂತು. ಮಾರ್ಬರಿಗೆ ನೇಮಕಾತಿ ಪತ್ರ ಸಿಗಲಿಲ್ಲ.

ಭಾರತಕ್ಕೆ ಈ ರಿಟ್ ಬಂದದ್ದು ಕಲ್ಕತ್ತೆಯ ಸುಪ್ರೀಂ ಕೋರ್ಟಿನ ಜೊತೆಗೆ, 1774ರಲ್ಲಿ. ಆಮೇಲೆ ಕಲ್ಕತ್ತೆ, ಮದ್ರಾಸು, ಬೊಂಬಾಯಿ ಹೈಕೋರ್ಟುಗಳಿಗೆ ಆ ಅಧಿಕಾರ ಹೋಯಿತು. 1877ರ ನಿರ್ದಿಷ್ಟ ಪರಿಹಾರ ಕಾಯ್ದೆಯ 45ನೇ ಕಲಂ ಮ್ಯಾಂಡಮಸ್ ಬಗೆಯ ಆದೇಶವನ್ನು ಆ ಮೂರು ನಗರಗಳ ಮೂಲ ವ್ಯಾಪ್ತಿಗಷ್ಟೇ ಕಟ್ಟಿಹಾಕಿತು. ರಿಟ್ ಅಧಿಕಾರದ ಎಲ್ಲೆ ಎಷ್ಟು ಕಿರಿದು ಎಂಬುದನ್ನು 1943ರಲ್ಲಿ ಪರ್ಲಾಕಿಮೆಡಿ ಜಮೀನ್ದಾರರ ವಿರುದ್ಧದ ರೈತರ ಪ್ರಕರಣದಲ್ಲಿ, ಆಗ ಕೊನೆಯ ಮೇಲ್ಮನವಿ ಕೇಳುತ್ತಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಮತ್ತೆ ತೋರಿಸಿತು: ಮದ್ರಾಸ್ ಹೈಕೋರ್ಟಿನ ರಿಟ್ ಮದ್ರಾಸ್ ನಗರದಾಚೆಯ ರೈತರ ಕಂದಾಯ ವ್ಯಾಜ್ಯಕ್ಕೆ ಮುಟ್ಟುವುದಿಲ್ಲ. ಹೀಗಾಗಿ 1834ರಿಂದ ಬ್ರಿಟಿಷರ ನೇರ ಆಳ್ವಿಕೆಯಲ್ಲಿದ್ದ ಕೊಡಗಿನ ರೈತನಿಗೆ ಕಮಿಷನರ ಕಚೇರಿಯ ವಿಳಂಬದ ಮೇಲೆ ಮ್ಯಾಂಡಮಸ್ ಕೇಳುವ ದಾರಿ ಇರಲಿಲ್ಲ.

1950ರ ಜನವರಿ 26ರಂದು ಅದು ಬದಲಾಯಿತು. ಸಂವಿಧಾನದ 226ನೇ ವಿಧಿ ಎಲ್ಲ ಹೈಕೋರ್ಟುಗಳಿಗೂ ಈ ಅಧಿಕಾರ ಕೊಟ್ಟಿತು, 32ನೇ ವಿಧಿ ಮೂಲಭೂತ ಹಕ್ಕುಗಳ ಮಟ್ಟಿಗೆ ಸುಪ್ರೀಂ ಕೋರ್ಟಿಗೆ ಕೊಟ್ಟಿತು. 226ರಲ್ಲಿ ಎರಡು ಪದಗುಚ್ಛ ಗಮನಿಸಬೇಕು. ಒಂದು, ಮ್ಯಾಂಡಮಸ್ ‘ಸ್ವರೂಪದ’ ರಿಟ್ ಎಂಬುದು. ಇಂಗ್ಲೆಂಡಿನ ರಿಟ್‌ಗಳ ತಾಂತ್ರಿಕ ಕಟ್ಟುಪಾಡುಗಳಿಗೆ ನಮ್ಮ ನ್ಯಾಯಾಲಯಗಳು ಅಂಟಿಕೊಳ್ಳಬೇಕಿಲ್ಲ ಎಂದು 1954ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಬಸಪ್ಪ–ನಾಗಪ್ಪ ಪ್ರಕರಣ ಹೋದದ್ದು ನಮ್ಮ ತರೀಕೆರೆಯ ಚುನಾವಣಾ ವ್ಯಾಜ್ಯದಿಂದ. ಇನ್ನೊಂದು, ‘ಬೇರೆ ಯಾವುದೇ ಉದ್ದೇಶಕ್ಕಾಗಿ’ ಎಂಬುದು. ಮೂಲಭೂತ ಹಕ್ಕಿಗೆ ಧಕ್ಕೆಯಾಗದಿದ್ದರೂ, ಕಾಯ್ದೆ ಕೊಟ್ಟ ಹಕ್ಕಿಗಾಗಿಯೂ ಹೈಕೋರ್ಟಿಗೆ ಹೋಗಬಹುದು ಎಂಬುದು ಅದರಿಂದ ಬಂತು. ಖಾತೆ, ಪೋಡಿ (ಜಮೀನನ್ನು ಅಳೆದು ಬೇರ್ಪಡಿಸುವುದು), ಪರಿಹಾರದ ಅರ್ಜಿಗಳೆಲ್ಲ ನಿಂತಿರುವುದು ಆ ಪದಗುಚ್ಛದ ಮೇಲೆ. ಕೊಡಗು ಕೇಂದ್ರದ ಹಿಡಿತದ ‘ಸಿ’ ವರ್ಗದ ರಾಜ್ಯವಾಗಿದ್ದು 1956ರ ನವೆಂಬರ್ 1ರಂದು ಮೈಸೂರಿನೊಡನೆ ಸೇರಿತು. ಇಂದು ಜಿಲ್ಲೆಯ ರಿಟ್ ಅರ್ಜಿಗಳು ಹೋಗುವುದು ಬೆಂಗಳೂರಿನ ಪ್ರಧಾನ ಪೀಠಕ್ಕೆ. ಧಾರವಾಡ, ಕಲಬುರಗಿ ಪೀಠಗಳಿಗಲ್ಲ.

ತಮಾಷೆ ಎಂದರೆ, ಪದ ಹುಟ್ಟಿದ ಇಂಗ್ಲೆಂಡಿನಲ್ಲೇ ಈಗ ಅದರ ಬಳಕೆ ಇಲ್ಲ. ಅಲ್ಲಿ ಲ್ಯಾಟಿನ್ ಬಿಟ್ಟು ‘ಮ್ಯಾಂಡೇಟರಿ ಆರ್ಡರ್’ ಎಂದು ಹೆಸರು ಬದಲಿಸಿಕೊಂಡಿದ್ದಾರೆ. ಸಂವಿಧಾನದಲ್ಲೇ ಬರೆದಿಟ್ಟುಕೊಂಡ ನಾವು ಉಳಿಸಿಕೊಂಡಿದ್ದೇವೆ.

ನಿಮ್ಮ ವಿಷಯ ಮ್ಯಾಂಡಮಸ್‌ಗೆ ಹೊಂದುತ್ತದೆಯೇ

ವಕೀಲರ ಬಳಿಗೆ ಹೋಗುವ ಮುಂಚೆ ಇದನ್ನು ಮನೆಯಲ್ಲೇ ಪರೀಕ್ಷಿಸಿಕೊಳ್ಳಬಹುದು. ಒಂದು ಹಾಳೆಯಲ್ಲಿ ಒಂದೇ ವಾಕ್ಯ ಬರೆಯಿರಿ: ‘ಇಂಥ ಕಾಯ್ದೆಯ ಇಂಥ ಕಲಮಿನ ಪ್ರಕಾರ, ಇಂಥ ಹುದ್ದೆಯ ಅಧಿಕಾರಿ, ನನ್ನ ಇಂಥ ಅರ್ಜಿಯ ಮೇಲೆ, ಇಂಥ ಕೆಲಸ ಮಾಡಲೇಬೇಕು, ನಾನು ಇಂಥ ದಿನ ಕೇಳಿದ್ದೇನೆ, ಆತ ಮಾಡಿಲ್ಲ.’ ಈ ವಾಕ್ಯದಲ್ಲಿ ಯಾವ ‘ಇಂಥ’ ತುಂಬಲಾಗುವುದಿಲ್ಲವೋ ನಿಮ್ಮ ಅರ್ಜಿ ಬೀಳುವುದು ಅಲ್ಲಿಯೇ.

ಕಲಂ ಸಿಗದಿದ್ದರೆ ಹಕ್ಕು ಇಲ್ಲ. ಸರ್ಕಾರ ಕೊಟ್ಟರೆ ಕೊಟ್ಟಿತು ಎಂಬಂಥ ಅನುಗ್ರಹಕ್ಕೆ ಮ್ಯಾಂಡಮಸ್ ಸಿಗುವುದಿಲ್ಲ. ನೌಕರರ ತುಟ್ಟಿಭತ್ಯೆಯ ವಿಷಯದಲ್ಲಿ 1954ರ ಮಂಡಾವರ ಪ್ರಕರಣ ಇದನ್ನು ಖಚಿತಪಡಿಸಿತು. ‘ಮಾಡಬಹುದು’ ಎಂದಿರುವ ಕಲಮಿಗೂ ‘ಮಾಡತಕ್ಕದ್ದು’ ಎಂದಿರುವ ಕಲಮಿಗೂ ಅಜಗಜಾಂತರ. ‘ಮಾಡಬಹುದು’ ಇದ್ದಲ್ಲಿ ಕೇಳಬಹುದಾದ್ದು ಒಂದೇ: ಮಾಡುತ್ತೀರೋ ಇಲ್ಲವೋ ಎಂಬುದನ್ನು ಕಾರಣ ಸಹಿತ ತೀರ್ಮಾನಿಸಿ ತಿಳಿಸಿ ಎಂದು.

ಅಧಿಕಾರಿ ಸಾರ್ವಜನಿಕ ಕರ್ತವ್ಯ ಹೊತ್ತವನಾಗಿರಬೇಕು. ಖಾಸಗಿ ಸಂಸ್ಥೆಯೂ ಸಾರ್ವಜನಿಕ ಕರ್ತವ್ಯ ನಿರ್ವಹಿಸುತ್ತಿದ್ದರೆ ಅದರ ಮೇಲೂ ಮ್ಯಾಂಡಮಸ್ ಹೋಗಬಹುದು ಎಂದು 1989ರ ರುದಾನಿ ಪ್ರಕರಣ ಹೇಳುತ್ತದೆ. ಪಕ್ಕದ ತೋಟದವರು ಬೇಲಿ ಸರಿಸಿದ್ದಕ್ಕೆ ಮಾತ್ರ ಇದು ಮದ್ದಲ್ಲ. ಅದು ಸಿವಿಲ್ ನ್ಯಾಯಾಲಯದ ಕೆಲಸ. ರಾಷ್ಟ್ರಪತಿ, ರಾಜ್ಯಪಾಲರಿಗೆ 361ನೇ ವಿಧಿಯ ರಕ್ಷಣೆ ಇದೆ. ಶಾಸನಸಭೆಗೆ ‘ಇಂಥ ಕಾನೂನು ಮಾಡಿ’ ಎಂದು ಹೇಳಿಸಲೂ ಆಗದು.

ಕಾನೂನಿಗೆ ವಿರುದ್ಧವಾದ ಕೆಲಸ ಮಾಡೆಂದು ಮ್ಯಾಂಡಮಸ್ ಬರುವುದಿಲ್ಲ. ಪೈಸಾರಿ, ಅಂದರೆ ಸರ್ಕಾರಿ ಪಾಳು ಜಾಗ, ಎಂದುಕೊಂಡು ಸಾಗುವಳಿ ಮಾಡಿದ ಜಮೀನು ದಾಖಲೆಯಲ್ಲಿ ಅರಣ್ಯವಾಗಿದ್ದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯನ್ನು ದಾಟಿ ಮಂಜೂರು ಮಾಡುವಂತೆ ತಹಶೀಲ್ದಾರರಿಗೆ ಯಾವ ನ್ಯಾಯಾಲಯವೂ ಹೇಳದು. ಸಿ ಅಂಡ್ ಡಿ (ಸಾಗುವಳಿಗೆ ಯೋಗ್ಯವಲ್ಲವೆಂದು ವರ್ಗೀಕರಿಸಿದ) ಜಮೀನಿನ ತಕರಾರು ಇರುವವರು ಮೊದಲು ಜಾಗದ ವರ್ಗೀಕರಣದ ದಾಖಲೆ ತೆಗೆಸಬೇಕು. ಅದಿಲ್ಲದೆ ರಿಟ್ ಹಾಕಿದರೆ ಅರಣ್ಯ ಇಲಾಖೆ ಒಂದು ಹಾಳೆ ಸಲ್ಲಿಸುತ್ತದೆ, ಪ್ರಕರಣ ಮುಗಿಯುತ್ತದೆ.

ಕೊಡಗಿನಲ್ಲಿ ಹೆಚ್ಚಾಗಿ ಎಡವುವ ಜಾಗ ಜಮ್ಮಾ ಆಸ್ತಿ, ಅಂದರೆ ವಂಶಪಾರಂಪರ್ಯವಾಗಿ ಬಂದ ಹಿಡುವಳಿ. ಪಹಣಿಯಲ್ಲಿ ಎಂದೋ ತೀರಿಹೋದ ಪಟ್ಟೇದಾರರ ಹೆಸರು ಇರುತ್ತದೆ, ಒಕ್ಕದ (ಕೊಡವ ಮನೆತನದ) ಇತರರ ಹೆಸರೂ ಸಾಲಾಗಿ ಇರುತ್ತದೆ. ಹೆಸರು ಸೇರಿಸಿ, ತೆಗೆಯಿರಿ ಎಂಬ ಅರ್ಜಿ ಕಚೇರಿಯಲ್ಲಿ ನಿಂತಿದೆ ಎಂದುಕೊಳ್ಳಿ. ಇಲ್ಲಿ ಎರಡು ವಿಷಯ ಬೆರೆತಿವೆ. ಕರ್ನಾಟಕ ಭೂಕಂದಾಯ ಕಾಯ್ದೆ 1964ರ 128 ಮತ್ತು 129ನೇ ಕಲಮಿನ ಪ್ರಕಾರ, ಹಕ್ಕು ಬದಲಾದ ವರದಿ ಬಂದರೆ ಮ್ಯುಟೇಶನ್ ವಹಿಯಲ್ಲಿ ನಮೂದಿಸಿ, ನೋಟಿಸ್ ಹೊರಡಿಸಿ, ತಕರಾರು ಬಂದರೆ ವಿಚಾರಿಸಿ ತೀರ್ಮಾನಿಸುವುದು ಕಂದಾಯ ಅಧಿಕಾರಿಗಳ ಕರ್ತವ್ಯ. ಅದು ನಡೆದಿಲ್ಲವೆಂದರೆ ಮ್ಯಾಂಡಮಸ್ ಸರಿಯಾದ ದಾರಿ. ಆದರೆ ಒಕ್ಕದೊಳಗೆ ಯಾರಿಗೆಷ್ಟು ಪಾಲು, ಬಾಣೆಯ (ಗದ್ದೆಗೆ ಸೇರಿದ ಗುಡ್ಡದ ಜಾಗದ) ಮೇಲೆ ಹಿಡುವಳಿದಾರನಿಗೆ ಎಂಥ ಹಕ್ಕು ಎಂಬ ಪ್ರಶ್ನೆ ರಿಟ್‌ನಲ್ಲಿ ಬಗೆಹರಿಯುವಂಥದ್ದಲ್ಲ. ಅದಕ್ಕೆ ಸಾಕ್ಷಿ, ಹಳೆಯ ದಾಖಲೆ, ಪಾಟೀಸವಾಲು ಬೇಕು. ‘ತೀರ್ಮಾನ ಮಾಡಿ’ ಎಂದು ಕೇಳಿದವರಿಗೆ ಆದೇಶ ಸಿಗುತ್ತದೆ. ‘ಇಡೀ ಬಾಣೆ ನನ್ನದೆಂದು ಬರೆಯಿರಿ’ ಎಂದು ಕೇಳಿದವರನ್ನು ಸಿವಿಲ್ ಕೋರ್ಟಿಗೆ ಕಳಿಸುತ್ತಾರೆ.

ಅಧಿಕಾರಿ ಆಗಲೇ ಆದೇಶ ಮಾಡಿ ಅರ್ಜಿ ತಿರಸ್ಕರಿಸಿದ್ದರೆ ದಾರಿಯೇ ಬೇರೆ. ಮ್ಯುಟೇಶನ್ ಆದೇಶದ ಮೇಲೆ 136ನೇ ಕಲಮಿನಡಿ ಉಪವಿಭಾಗಾಧಿಕಾರಿಗೆ ಮೇಲ್ಮನವಿ, ಅದರ ಮೇಲೆ ಜಿಲ್ಲಾಧಿಕಾರಿಗೆ ಪುನರ್ವಿಮರ್ಶೆ. ಆ ಮೆಟ್ಟಿಲು ಬಿಟ್ಟು ನೇರವಾಗಿ ಹೈಕೋರ್ಟಿಗೆ ಹೋದರೆ ಮ್ಯಾನ್ಸ್‌ಫೀಲ್ಡರ ಹಳೆಯ ಪ್ರಶ್ನೆ ಎದುರಾಗುತ್ತದೆ. ಸರ್ಕಾರಿ ನೌಕರಿಯ ತಕರಾರಾದರೆ ಮೊದಲು ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ. ಅರಣ್ಯ ಹಕ್ಕು ಕಾಯ್ದೆ 2006ರಡಿ ಜೇನುಕುರುಬರು, ಯರವರು ಮೊದಲಾದವರು ಹಾಕಿದ ಹಕ್ಕು ಅರ್ಜಿ ಉಪವಿಭಾಗ ಮಟ್ಟದ ಸಮಿತಿಯಲ್ಲಿ ತಿರಸ್ಕೃತವಾದರೆ 60 ದಿನದೊಳಗೆ ಜಿಲ್ಲಾ ಮಟ್ಟದ ಸಮಿತಿಗೆ ಹೋಗಬೇಕು. ತಿರಸ್ಕಾರವೂ ಆಗದೆ, ಒಪ್ಪಿಗೆಯೂ ಆಗದೆ ಅರ್ಜಿ ಹಾಗೇ ಕೂತಿದ್ದರೆ ಆಗ ಮ್ಯಾಂಡಮಸ್ ಹೊಂದುತ್ತದೆ. ಆ ಕಾಯ್ದೆಯ 4(5)ನೇ ಕಲಮಿನಂತೆ ಪರಿಶೀಲನೆ ಮುಗಿಯುವ ತನಕ ಒಕ್ಕಲೆಬ್ಬಿಸುವಂತಿಲ್ಲ ಎಂಬುದನ್ನೂ ಅದೇ ಅರ್ಜಿಯಲ್ಲಿ ಮಧ್ಯಂತರ ಕೋರಿಕೆಯಾಗಿ ಹಾಕಬಹುದು.

ಸರ್ಕಾರಿ ಜಾಗದ ಅನಧಿಕೃತ ಸಾಗುವಳಿಯನ್ನು ಸಕ್ರಮ ಮಾಡಿ ಎಂದು ನಮೂನೆ 57ರಲ್ಲಿ ಹಾಕಿದ ಅಕ್ರಮ-ಸಕ್ರಮ ಅರ್ಜಿಗಳದೂ ಇದೇ ಲೆಕ್ಕ. ಬಗರ್ ಹುಕುಂ ಸಮಿತಿಯ ಮುಂದೆ ಅರ್ಜಿ ಇಟ್ಟು ತೀರ್ಮಾನಿಸಿ ಎಂದು ಕೇಳಬಹುದು, ಮಂಜೂರು ಮಾಡಿ ಎಂದಲ್ಲ.

ಬೇಡಿಕೆ ಪತ್ರ: ಇಡೀ ಪ್ರಕರಣದ ಬೆನ್ನೆಲುಬು

ಮ್ಯಾಂಡಮಸ್‌ಗೆ ಮುಂಚೆ ಡಿಮ್ಯಾಂಡ್ ಇರಬೇಕು, ಅದಕ್ಕೆ ನಿರಾಕರಣೆಯೋ ಮೌನವೋ ಇರಬೇಕು. 1974ರ ಸರಸ್ವತಿ ಇಂಡಸ್ಟ್ರಿಯಲ್ ಸಿಂಡಿಕೇಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ನಿಯಮವನ್ನು ಒತ್ತಿ ಹೇಳಿದೆ. ನಾಡಕಚೇರಿಗೆ ಹತ್ತು ಸಲ ಹೋಗಿ ಬಾಯಿಮಾತಿನಲ್ಲಿ ಕೇಳಿದ್ದು ಡಿಮ್ಯಾಂಡ್ ಅಲ್ಲ, ಶಾಸಕರ ಕೈಯಲ್ಲಿ ಫೋನ್ ಮಾಡಿಸಿದ್ದಂತೂ ಅಲ್ಲವೇ ಅಲ್ಲ.

ಮೂಲ ಅರ್ಜಿಯ ಸ್ವೀಕೃತಿ ಮೊದಲು ಹುಡುಕಿ. ಸಕಾಲ ಸೇವೆಯಡಿ ಬರುವ ಅರ್ಜಿಯಾದರೆ ಸ್ವೀಕೃತಿಯಲ್ಲಿ 15 ಅಂಕಿಯ ಜಿಎಸ್‌ಸಿ ಸಂಖ್ಯೆ ಇರುತ್ತದೆ. ಆ ಸೇವೆಗೆ ನಿಗದಿಯಾದ ದಿನಗಳು ಮುಗಿದಿವೆ ಎಂಬುದೇ ವಿಳಂಬಕ್ಕೆ ಒಳ್ಳೆಯ ಪುರಾವೆ. ಸಕಾಲದಡಿ ಮೇಲ್ಮನವಿಯೂ ಇದೆ, ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವೂ ಇದೆ. ಹಣದ ಆಸೆಗಲ್ಲ, ‘ಇದ್ದ ದಾರಿ ಬಳಸಿ ನೋಡಿದ್ದೇವೆ’ ಎಂದು ತೋರಿಸಲು ಆ ಮೇಲ್ಮನವಿ ಹಾಕಿಡಿ.

ಸ್ವೀಕೃತಿ ಕಳೆದುಹೋಗಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಕರ್ನಾಟಕದಲ್ಲಿ 150 ಪದ ಮೀರಬಾರದು, ವಿಷಯ ಒಂದೇ ಇರಬೇಕು. ‘ನನ್ನ ಅರ್ಜಿ ಏಕೆ ವಿಳಂಬವಾಗಿದೆ’ ಎಂದು ಕೇಳಬೇಡಿ. ಅದು ಮಾಹಿತಿಯಲ್ಲ, ಪ್ರಶ್ನೆ ಎಂದು ವಾಪಸ್ ಬರುತ್ತದೆ. ‘ದಿನಾಂಕ ಇಷ್ಟರ ಅರ್ಜಿಯ ಕಡತದ ಟಿಪ್ಪಣಿ ಹಾಳೆಗಳ ಮತ್ತು ಕಡತ ಚಲನವಲನದ ದೃಢೀಕೃತ ಪ್ರತಿ ಕೊಡಿ’ ಎಂದು ಕೇಳಿ. ಉತ್ತರಕ್ಕೆ 30 ದಿನ. ಬಂದ ಟಿಪ್ಪಣಿ ಹಾಳೆಯಲ್ಲಿ ‘ಸರ್ವೆ ವರದಿಗಾಗಿ’ ಎಂದು ಬರೆದು ನಿಂತಿದ್ದರೆ ಕಡತ ಯಾರ ಮೇಜಿನಲ್ಲಿದೆ, ಪ್ರತಿವಾದಿ ಯಾರಾಗಬೇಕು ಎಂಬುದು ತಿಳಿಯಿತು. ತಹಶೀಲ್ದಾರರ ಮೇಲೆ ರಿಟ್ ಹಾಕಿ, ಕಡತ ಭೂದಾಖಲೆಗಳ ಇಲಾಖೆಯಲ್ಲಿದ್ದರೆ ಆದೇಶ ಬಂದರೂ ಕೆಲಸ ಆಗುವುದಿಲ್ಲ.

ಬೇಡಿಕೆ ಪತ್ರ ಒಂದು ಪುಟ ಸಾಕು. ಒಕ್ಕಣೆ ಹೀಗಿರಬಹುದು:

‘ತಹಶೀಲ್ದಾರರು, ______ ತಾಲ್ಲೂಕು, ಕೊಡಗು ಜಿಲ್ಲೆ, ಇವರಿಗೆ.
ವಿಷಯ: ______ ಗ್ರಾಮದ ಸರ್ವೆ ನಂಬರ್ ______ರ ಖಾತೆ ಬದಲಾವಣೆ ಕೋರಿದ ಅರ್ಜಿ ಇತ್ಯರ್ಥಪಡಿಸುವ ಕುರಿತು.
ಉಲ್ಲೇಖ: ದಿನಾಂಕ ______ರ ಅರ್ಜಿ, ಸ್ವೀಕೃತಿ ಸಂಖ್ಯೆ ______.
ಉಲ್ಲೇಖಿತ ಅರ್ಜಿಯನ್ನು ಕರ್ನಾಟಕ ಭೂಕಂದಾಯ ಕಾಯ್ದೆ 1964ರ 128ನೇ ಕಲಮಿನಡಿ ಸಲ್ಲಿಸಿರುತ್ತೇನೆ. 129ನೇ ಕಲಮಿನಂತೆ ನೋಟಿಸ್ ಹೊರಡಿಸಿ ತೀರ್ಮಾನಿಸುವುದು ತಮ್ಮ ಕರ್ತವ್ಯವಾಗಿದ್ದು, ಈವರೆಗೆ ಯಾವುದೇ ಆದೇಶವಾಗಿರುವುದಿಲ್ಲ. ಈ ಪತ್ರ ತಲುಪಿದ 30 ದಿನಗಳೊಳಗೆ ಅರ್ಜಿಯನ್ನು ಕಾನೂನು ರೀತ್ಯಾ ತೀರ್ಮಾನಿಸಿ, ಆದೇಶದ ಪ್ರತಿಯನ್ನು ನೀಡಬೇಕಾಗಿ ಕೋರುತ್ತೇನೆ.
ಲಗತ್ತು: ಅರ್ಜಿ, ಸ್ವೀಕೃತಿ, ಪಹಣಿ, ವಂಶವೃಕ್ಷ.’

ಮೂರು ಪ್ರತಿ ಮಾಡಿ. ಒಂದನ್ನು ಕಚೇರಿಯ ಟಪಾಲು ವಿಭಾಗಕ್ಕೆ ಕೊಟ್ಟು ನಿಮ್ಮ ಪ್ರತಿಯ ಮೇಲೆ ಮುದ್ರೆ, ದಿನಾಂಕ, ಸಹಿ ಹಾಕಿಸಿಕೊಳ್ಳಿ. ಸೀಲು ಹಾಕಲು ಒಪ್ಪದಿದ್ದರೆ ವಾದ ಬೇಡ, ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿಯನ್ನೂ ತಲುಪಿದ್ದನ್ನು ತೋರಿಸುವ ಟ್ರ್ಯಾಕಿಂಗ್ ಪುಟವನ್ನೂ ಮುದ್ರಿಸಿಡಿ. ಆ ಪುಟ ಕೆಲವು ವಾರದ ಮೇಲೆ ಸಿಗದೆ ಹೋಗಬಹುದು, ತಡಮಾಡಬೇಡಿ. 30 ದಿನ ಎಂಬುದು ಕಾನೂನಿನ ಕಟ್ಟಳೆಯಲ್ಲ, ನ್ಯಾಯಾಲಯಕ್ಕೆ ಸಮಂಜಸವಾಗಿ ಕಾಣುವ ಅವಧಿ. ಎರಡು ತಿಂಗಳ ನೋಟಿಸ್ ಕೊಡಲೇಬೇಕೆಂದು ಕೆಲವರು ಹೆದರಿಸುತ್ತಾರೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನ ಆ ನೋಟಿಸ್ ದಾವೆಗೆ, ರಿಟ್‌ಗಲ್ಲ.

ವರ್ಷಗಟ್ಟಲೆ ಮನವಿಯ ಮೇಲೆ ಮನವಿ ಕೊಡುತ್ತಾ ಕೂರುವುದು ದೊಡ್ಡ ತಪ್ಪು. 226ನೇ ವಿಧಿಗೆ ಇಷ್ಟೇ ದಿನ ಎಂಬ ಕಾಲಮಿತಿ ಇಲ್ಲ, ಆದರೆ ವಿಳಂಬಕ್ಕೆ ಕಾರಣ ಕೇಳುತ್ತಾರೆ. ಸತ್ತುಹೋದ ಹಕ್ಕನ್ನು ಹೊಸ ಮನವಿಯಾಗಲಿ, ಅದಕ್ಕೆ ಬಂದ ಉತ್ತರವಾಗಲಿ ಬದುಕಿಸುವುದಿಲ್ಲ ಎಂದು 2008ರ ಸಿ. ಜೇಕಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ರಿಟ್ ಅರ್ಜಿಯ ಒಳಗೆ

ಹೈಕೋರ್ಟಿನ ಭಾಷೆ 348ನೇ ವಿಧಿಯಂತೆ ಇಂಗ್ಲಿಷ್. ಆದ್ದರಿಂದ ಅರ್ಜಿ ಇಂಗ್ಲಿಷಿನಲ್ಲಿ ಹೋಗುತ್ತದೆ, ಕನ್ನಡ ದಾಖಲೆಗಳಿಗೆ ಅನುವಾದ ಬೇಕಾಗುತ್ತದೆ. ಕೈಬರಹದ ಹಳೆಯ ಜಮಾಬಂದಿ ಪ್ರತಿಗಳಿದ್ದರೆ ಟೈಪ್ ಮಾಡಿಸಿದ ಪ್ರತಿ ಜೊತೆಗಿಡಿ. ಅರ್ಜಿಯ ಮುಂದೆ ಸೂಚಿ, ಸಾರಾಂಶ ಮತ್ತು ದಿನಾಂಕಗಳ ಪಟ್ಟಿ, ನಂತರ ಸಂಗತಿ, ಆಧಾರಗಳು, ಕೋರಿಕೆ, ಕೊನೆಗೆ ಪ್ರಮಾಣಪತ್ರ, ಅನುಬಂಧಗಳು, ವಕಾಲತ್ತು. ರಿಜಿಸ್ಟ್ರಿ ಪರಿಶೀಲಿಸಿ ಮಸುಕಾದ ಪ್ರತಿ, ಅನುವಾದವಿಲ್ಲದ ಪುಟ, ಸಹಿ ಇಲ್ಲದ ಹಾಳೆಗೆಲ್ಲ ‘ಆಫೀಸ್ ಅಬ್ಜೆಕ್ಷನ್’ ಹಾಕುತ್ತದೆ. ಅವನ್ನು ಸರಿಪಡಿಸದೆ ಬಿಟ್ಟು, ವಿಚಾರಣೆಯೇ ಆಗದೆ ವಜಾ ಆದ ಅರ್ಜಿಗಳು ಬೇಕಾದಷ್ಟಿವೆ. ವಕೀಲರು ಬೆಂಗಳೂರಿನಲ್ಲಿ, ನೀವು ಪೊನ್ನಂಪೇಟೆಯಲ್ಲಿ ಇರುವಾಗ ಇದನ್ನು ಇ-ಕೋರ್ಟ್ಸ್ ಆಪಿನಲ್ಲಿ ಪ್ರಕರಣ ಸಂಖ್ಯೆ ಹಾಕಿ ವಾರಕ್ಕೊಮ್ಮೆ ನೀವೇ ನೋಡಬೇಕು.

ಪ್ರತಿವಾದಿಗಳಾಗಿ ಕಂದಾಯ ಇಲಾಖೆಯ ಪ್ರಧಾನ ಕಾರ್ಯದರ್ಶಿಯ ಮೂಲಕ ರಾಜ್ಯ ಸರ್ಕಾರ, ಮಡಿಕೇರಿಯ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ, ಸಂಬಂಧಪಟ್ಟ ತಹಶೀಲ್ದಾರರು. ಎಲ್ಲವೂ ಹುದ್ದೆಯ ಹೆಸರಿನಲ್ಲಿ. ವ್ಯಕ್ತಿಯ ಹೆಸರು ಹಾಕುವುದು ದುರುದ್ದೇಶದ ಆರೋಪ ಇದ್ದಾಗ ಮಾತ್ರ. ಕುಶಾಲನಗರ, ಪೊನ್ನಂಪೇಟೆ ಈಗ ಬೇರೆ ತಾಲ್ಲೂಕುಗಳಾಗಿರುವುದರಿಂದ ಹಳೆಯ ಅರ್ಜಿ ಸೋಮವಾರಪೇಟೆಗೋ ವಿರಾಜಪೇಟೆಗೋ ಕೊಟ್ಟದ್ದಾಗಿದ್ದರೆ ಕಡತ ವರ್ಗವಾಗಿದೆಯೇ ಎಂದು ಮೊದಲೇ ವಿಚಾರಿಸಿ, ಅನುಮಾನವಿದ್ದರೆ ಇಬ್ಬರನ್ನೂ ಸೇರಿಸಿ.

ಒಕ್ಕದಲ್ಲಿ ತಕರಾರು ಎತ್ತಿದ ದಾಯಾದಿಗಳಿದ್ದರೆ ಅವರನ್ನೂ ಪ್ರತಿವಾದಿ ಮಾಡಬೇಕು. ಅವರನ್ನು ಬಿಟ್ಟು ಗುಟ್ಟಾಗಿ ಆದೇಶ ತಂದರೆ ಅವರು ಬಂದು ಅದನ್ನು ತೆಗೆಸುತ್ತಾರೆ. ಸಿವಿಲ್ ಕೋರ್ಟಿನಲ್ಲಿ ಪಾಲಿನ ದಾವೆ ನಡೆಯುತ್ತಿದ್ದರೆ ಅದನ್ನೂ ಬರೆಯಿರಿ. ಸತ್ಯ ಮುಚ್ಚಿಟ್ಟವರ ರಿಟ್ ಅರ್ಜಿಯನ್ನು ಬೇರೇನೂ ನೋಡದೆ ವಜಾ ಮಾಡಬಹುದೆಂಬುದು 2008ರ ಕೆ.ಡಿ. ಶರ್ಮಾ ಪ್ರಕರಣದ ಮಾತು.

ಕೋರಿಕೆಯ ವಾಕ್ಯಕ್ಕೆ ಹೆಚ್ಚು ಸಮಯ ಕೊಡಿ. ‘ಅರ್ಜಿದಾರರ ಹೆಸರಿಗೆ ಖಾತೆ ಮಾಡುವಂತೆ ನಿರ್ದೇಶಿಸಿ’ ಎಂದಷ್ಟೇ ಇದ್ದರೆ ಬಲವಿಲ್ಲ. ‘ಅನುಬಂಧ ಎ ಅರ್ಜಿಯನ್ನು ಪರಿಗಣಿಸಿ’ ಎಂದಷ್ಟೇ ಇದ್ದರೂ ಸಾಲದು; ಪರಿಗಣಿಸಿ ಎಂಬ ಮೊಂಡು ನಿರ್ದೇಶನದಿಂದ ಆಗುವ ಗೊಂದಲವನ್ನು 2006ರ ಶ್ರೀನಿವಾಸ ರೆಡ್ಡಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಬಿಡಿಸಿ ಹೇಳಿದೆ. ಬೇಕಾದ್ದು ಇಂಥದು: ‘ನಾಲ್ಕನೇ ಪ್ರತಿವಾದಿಯು ಅನುಬಂಧ ಎ ಅರ್ಜಿಯನ್ನು 129ನೇ ಕಲಮಿನಂತೆ, ಸಂಬಂಧಪಟ್ಟವರನ್ನು ಕೇಳಿ, ಕಾರಣ ಸಹಿತ ಲಿಖಿತ ಆದೇಶದ ಮೂಲಕ, ಎಂಟು ವಾರಗಳಲ್ಲಿ ತೀರ್ಮಾನಿಸತಕ್ಕದ್ದು.’ ಯಾರು, ಯಾವುದು, ಯಾವ ಕಲಂ, ಹೇಗೆ, ಯಾವಾಗ, ಐದೂ ಅದರಲ್ಲಿವೆ.

ಕೋರ್ಟ್ ಶುಲ್ಕ ಹೊರೆಯಾಗುವಂಥದ್ದಲ್ಲ, ಖರ್ಚು ವಕೀಲರ ಫೀಸು ಮತ್ತು ಅನುವಾದದ್ದು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಡಿ ಉಚಿತ ನೆರವು ಇದೆ. ಪ್ರವಾಹ, ಸಾಮೂಹಿಕ ವಿಪತ್ತಿನಲ್ಲಿ ನೊಂದವರೂ ಆ ಪಟ್ಟಿಯಲ್ಲಿದ್ದಾರೆ. 2018ರ ಆಗಸ್ಟಿನ ಭೂಕುಸಿತದಲ್ಲಿ ಮನೆ ತೋಟ ಕಳೆದುಕೊಂಡವರ ಪೈಕಿ ಇದು ಗೊತ್ತಿಲ್ಲದವರೇ ಹೆಚ್ಚಿರಬೇಕು. ಮಡಿಕೇರಿಯ ನ್ಯಾಯಾಲಯದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟರೆ ಬೆಂಗಳೂರಿನ ಹೈಕೋರ್ಟ್ ಕಾನೂನು ಸೇವಾ ಸಮಿತಿಯ ಮೂಲಕ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.

ವಿಳಂಬದ ಪ್ರಕರಣ ಸರಳವಾಗಿದ್ದರೆ ಸರ್ಕಾರಿ ವಕೀಲರು ನೋಟಿಸ್ ಪಡೆದು, ‘ಇಂತಿಷ್ಟು ದಿನದಲ್ಲಿ ತೀರ್ಮಾನಿಸುತ್ತೇವೆ’ ಎಂದು ಹೇಳಿ, ಒಂದೆರಡು ವಿಚಾರಣೆಯಲ್ಲೇ ಅರ್ಜಿ ಇತ್ಯರ್ಥವಾಗುವುದುಂಟು. ಅರ್ಜಿ ವಜಾ ಆದರೆ ಕರ್ನಾಟಕ ಹೈಕೋರ್ಟ್ ಕಾಯ್ದೆ 1961ರ 4ನೇ ಕಲಮಿನಡಿ ವಿಭಾಗೀಯ ಪೀಠಕ್ಕೆ ರಿಟ್ ಮೇಲ್ಮನವಿ.

ಆದೇಶ ಬಂದ ಮೇಲೆ

ಆದೇಶದ ಕೊನೆಯ ಸಾಲನ್ನು ಎರಡು ಸಲ ಓದಿ. ಬಹಳ ಸಲ ಅಲ್ಲಿ ಇರುವುದು ‘ಆದೇಶದ ದೃಢೀಕೃತ ಪ್ರತಿ ತಲುಪಿದ ದಿನದಿಂದ’ ಎಂದು. ಅಂದರೆ ನೀವು ಪ್ರತಿ ತಲುಪಿಸುವ ತನಕ ಗಡಿಯಾರ ಓಡುವುದೇ ಇಲ್ಲ. ಹೈಕೋರ್ಟಿನಿಂದ ಕಚೇರಿಗೆ ತಾನಾಗಿ ಹೋಗುತ್ತದೆ ಎಂದು ಕಾಯುತ್ತಾ ಕೂತವರ ಎಂಟು ವಾರ ಎಂದೂ ಮುಗಿಯುವುದಿಲ್ಲ. ದೃಢೀಕೃತ ಪ್ರತಿಗೆ ಕೂಡಲೇ ಅರ್ಜಿ ಹಾಕಿ, ಸಿಕ್ಕ ತಕ್ಷಣ ಒಂದು ಮುಖಪತ್ರದೊಡನೆ ತಹಶೀಲ್ದಾರರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ, ಇನ್ನೊಂದು ಪ್ರತಿಯನ್ನು ಜಿಲ್ಲಾಧಿಕಾರಿಗೆ ಕಳಿಸಿ. ಮುಖಪತ್ರದಲ್ಲಿ ಅವಧಿ ಮುಗಿಯುವ ದಿನಾಂಕವನ್ನೇ ಲೆಕ್ಕಹಾಕಿ ಬರೆಯಿರಿ.

ವಿಚಾರಣೆಗೆ ನೋಟಿಸ್ ಬಂದಾಗ ಹೋಗದೆ ಇರಬೇಡಿ. ಹೈಕೋರ್ಟ್ ಹೇಳಿದ ಮೇಲೆ ತಮ್ಮ ಪರವಾಗಿಯೇ ಆಗಬೇಕು ಎಂಬ ಭಾವನೆಯಿಂದ ದಾಖಲೆ ಹಾಜರುಪಡಿಸದೆ ಇದ್ದು, ಅರ್ಜಿ ತಿರಸ್ಕೃತವಾದಾಗ ನ್ಯಾಯಾಂಗ ನಿಂದನೆ ಅರ್ಜಿ ಹಾಕಲು ಓಡುವವರಿದ್ದಾರೆ. ಕಾರಣ ಕೊಟ್ಟು ತಿರಸ್ಕರಿಸಿದರೂ ಅದು ಆದೇಶದ ಪಾಲನೆಯೇ. ಆ ತೀರ್ಮಾನ ತಪ್ಪಾಗಿದ್ದರೆ ಹೊಸ ವ್ಯಾಜ್ಯಕಾರಣ ಹುಟ್ಟಿತು, ಅದು ನಿಂದನೆಯಲ್ಲ ಎಂದು 1996ರ ಪರಿಹಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆಗ ಹೋಗಬೇಕಾದ್ದು 136ನೇ ಕಲಮಿನ ಮೇಲ್ಮನವಿಗೆ, ಉಪವಿಭಾಗಾಧಿಕಾರಿಯ ಮುಂದೆ.

ಅವಧಿ ಮುಗಿದೂ ಏನೂ ಆಗದಿದ್ದರೆ ಮಾತ್ರ ನ್ಯಾಯಾಂಗ ನಿಂದನೆ. ಅದಕ್ಕೆ ಮುಂಚೆ ವಕೀಲರ ಮೂಲಕ ಒಂದು ಎಚ್ಚರಿಕೆ ನೋಟಿಸ್ ಕೊಡುವುದು ರೂಢಿ, ಬಹಳ ಕಡತಗಳು ಆ ಹಂತದಲ್ಲೇ ಕದಲುತ್ತವೆ. ನಿಂದನೆ ಅರ್ಜಿ ಹಾಕಲು 1971ರ ಕಾಯ್ದೆಯ 20ನೇ ಕಲಮಿನಂತೆ ಒಂದು ವರ್ಷದ ಗಡುವಿದೆ, ಅವಧಿ ಮುಗಿದ ದಿನದಿಂದ ಎಣಿಸಿಕೊಳ್ಳಿ. ಶಿಕ್ಷೆ ಆರು ತಿಂಗಳವರೆಗೆ ಸಾದಾ ಸೆರೆವಾಸ ಅಥವಾ 2000 ರೂಪಾಯಿವರೆಗೆ ದಂಡ, ಅಥವಾ ಎರಡೂ. ರಿಟ್‌ನಲ್ಲಿ ಪ್ರತಿವಾದಿ ಹುದ್ದೆಯಾದರೆ ಇಲ್ಲಿ ಆರೋಪಿ ವ್ಯಕ್ತಿ. ಆದ್ದರಿಂದ ಹೆಸರು ಬೇಕು. ಅವಧಿ ಓಡುತ್ತಿದ್ದಾಗ ಆ ಕುರ್ಚಿಯಲ್ಲಿ ಯಾರಿದ್ದರು, ವರ್ಗಾವಣೆ ಯಾವತ್ತಾಯಿತು, ಹೊಸಬರು ಯಾವತ್ತು ಅಧಿಕಾರ ವಹಿಸಿಕೊಂಡರು ಎಂಬುದನ್ನು ಮಾಹಿತಿ ಹಕ್ಕಿನಲ್ಲಿ ತೆಗೆಸಿ. ತಹಶೀಲ್ದಾರರು ಬದಲಾಗಿದ್ದರೆ ಹೊಸಬರಿಗೂ ಆದೇಶದ ಪ್ರತಿ ಕೊಟ್ಟು, ಸ್ವೀಕೃತಿ ಪಡೆದು, ಆಮೇಲೆ ಅರ್ಜಿ ಹಾಕಿ. ಇಲ್ಲದಿದ್ದರೆ ‘ಈ ಆದೇಶ ನನ್ನ ಗಮನಕ್ಕೇ ಬಂದಿಲ್ಲ’ ಎಂಬ ಒಂದೇ ಉತ್ತರಕ್ಕೆ ಅರ್ಜಿ ನಿಲ್ಲುವುದಿಲ್ಲ.